ಸೋಲುವ ತಂಡದಲ್ಲಿ ಮನೆಯ ಮಕ್ಕಳು

2025ನೆಯ ಇಸವಿಯ ಮೇ 24ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸಂಡರ್‌ಲೆಂಡ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು, ಇಂಗ್ಲೆಂಡಿನ ಫುಟ್‌ಬಾಲಿನ ಅಗ್ರದರ್ಜೆಗೆ ಏರಲು ಆ ವರ್ಷ ಉಳಿದಿದ್ದ ಒಂದೇ ಒಂದು ಸ್ಥಾನಕ್ಕಾಗಿ ಹೋರಾಡುತ್ತಿದ್ದುವು. ಗೋಲುಗಳು ಒಂದಕ್ಕೊಂದು ಸಮನಾಗಿದ್ದುವು. ತೊಂಬತ್ತು ನಿಮಿಷಗಳು ತೀರಿ, ಹೆಚ್ಚುವರಿ ಕಾಲವು ಮುಗಿಯುತ್ತ ಬಂದಿರುವಾಗ, ಬದಲಿಯಾಗಿ ಅಂಗಳಕ್ಕಿಳಿದಿದ್ದ ಟಾಮಿ ವಾಟ್ಸನ್ ಎಂಬ ಹತ್ತೊಂಬತ್ತರ ತರುಣನು ಎದುರಾಳಿಗಳು ಕಳೆದುಕೊಂಡ ಚೆಂಡನ್ನು ದೂರದಿಂದಲೇ ಒದ್ದು ಗೋಲಿನೊಳಗೆ ಸೇರಿಸಿದನು. ಎಂಟು ವರ್ಷಗಳಿಂದ ಅಗ್ರದರ್ಜೆಯ ಹೊರಗೆ ನಿಂತಿದ್ದ ಸಂಡರ್‌ಲೆಂಡಿಗೆ ಬಾಗಿಲು ತೆರೆಯಿತು. ಆತನು ಆ ಕ್ಲಬ್ಬಿನ ಅಕಾಡೆಮಿಯಲ್ಲಿಯೇ ಬಾಲ್ಯದಿಂದ ಬೆಳೆದವನು. ಆದರೆ ಆತನನ್ನು ಬ್ರೈಟನ್ ಕ್ಲಬ್ಬಿಗೆ ಮಾರುವ ಒಪ್ಪಂದವು ಏಪ್ರಿಲ್ ತಿಂಗಳಿನಲ್ಲಿಯೇ ಆಗಿಹೋಗಿತ್ತು! ಸಾಕಿದ ಮನೆಯನ್ನು ಮೇಲಕ್ಕೆತ್ತಿದ ಒದೆತವೇ ಆ ಮನೆಗಾಗಿ ಆತನು ಒದ್ದ ಕೊನೆಯ ಒದೆತವೂ ಆಯಿತು.

ಇದೊಂದು ವಿಧಿವಿಲಾಸವೆಂದು ಹೇಳಿ ಸುಮ್ಮನಾಗುವವರು ಆಗಬಹುದು. ನಮಗೆ ಹಾಗೆ ತೋರುವುದಿಲ್ಲ. ಇಳಿಗಾಲದಲ್ಲಿರುವ ಒಂದು ಸಂಸ್ಥೆಯು ತನ್ನ ಎಳೆಯರನ್ನು ಹೇಗೆ ಬೆಳೆಸಬೇಕು, ಬೆಳೆದವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯೇ ಇದರ ಹಿಂದೆ ಅಡಗಿರುವುದು.

ಸಂಡರ್‌ಲೆಂಡು ವೇರ್ ನದಿಯು ಕಡಲನ್ನು ಸೇರುವೆಡೆಯಲ್ಲಿರುವ ಪಟ್ಟಣ. ಕಲ್ಲಿದ್ದಲು ಮತ್ತು ಹಡಗು ಕಟ್ಟುವ ಕೈಗಾರಿಕೆ ಅದರ ಎರಡು ಜೀವನಾಡಿಗಳಾಗಿದ್ದುವು. 1988ರಲ್ಲಿ ಹಡಗುಕಟ್ಟೆಗಳು ಮುಚ್ಚಿದುವು. 1993ರಲ್ಲಿ ಗಣಿಯೂ ಮುಚ್ಚಿತು. ಆ ಗಣಿಯಿದ್ದ ನೆಲದ ಮೇಲೆಯೇ 1997ರಲ್ಲಿ ಕ್ಲಬ್ಬಿನ ಕ್ರೀಡಾಂಗಣವು ಎದ್ದಿತು. ಕೆಲಸ ಹೋದ ಊರಿಗೆ ಹೆಸರನ್ನು ಉಳಿಸಿಕೊಡುವ ಹೊಣೆ ಹನ್ನೊಂದು ಮಂದಿ ಆಟಗಾರರ ಮೇಲೆ ಬಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು. ಆರು ಬಾರಿ ದೇಶದ ಅಗ್ರಪದವಿಯನ್ನು ಗೆದ್ದ ಈ ಕ್ಲಬ್ಬು, ಕೊನೆಯ ಬಾರಿ ಅದನ್ನು ಪಡೆದುದು 1936ರಲ್ಲಿ. 2017ರಲ್ಲಿ ಅಗ್ರದರ್ಜೆಯಿಂದಲೂ, ಮರುವರ್ಷವೇ ಎರಡನೆಯ ದರ್ಜೆಯಿಂದಲೂ ಜಾರಿ, ಮೂರನೆಯದರಲ್ಲಿ ನಾಲ್ಕು ವರ್ಷ ನವೆಯಬೇಕಾಯಿತು.

ಬೀಳುತ್ತಿರುವ ತಂಡಗಳಲ್ಲಿ ಎಳೆಯರಿಗೆ ಅವಕಾಶ ದೊರೆಯುವುದು ಬಹುಮಟ್ಟಿಗೆ ಬಡತನದಿಂದ. ಬೆಲೆಯುಳ್ಳ ಆಟಗಾರರು ಮಾರಾಟವಾಗಿ ಹೋದಮೇಲೆ ಉಳಿದ ಅಂಗಿಯನ್ನು ಹುಡುಗನಿಗೆ ತೊಡಿಸುವರು. ಅದರಲ್ಲಿಯೂ ಕೆಲವರು ಬೆಳಗುವುದುಂಟು. 2016–17ರಲ್ಲಿ ಇಪ್ಪತ್ತು ತಂಡಗಳಲ್ಲಿ ಇಪ್ಪತ್ತನೆಯದಾಗಿ ಮುಳುಗಿದ ಸಂಡರ್‌ಲೆಂಡಿನ ಗೋಲನ್ನು ಕಾಯುತ್ತಿದ್ದವನು ಜಾರ್ಡನ್ ಪಿಕ್‌ಫರ್ಡ್. ಸೋಲುವ ತಂಡದ ಗೋಲ್‌ಕೀಪರನಿಗೆ ಕೆಲಸಕ್ಕೆ ಕೊರತೆಯೆಲ್ಲಿಯದು? ಆದರೆ ಆತನು ಏಕಾಏಕಿ ಅಲ್ಲಿಗೆ ಬಂದು ನಿಂತವನಲ್ಲ. ಡಾರ್ಲಿಂಗ್ಟನ್, ಆಲ್‌ಫ್ರೆಟನ್, ಬರ್ಟನ್, ಕಾರ್ಲೈಲ್, ಬ್ರಾಡ್‌ಫರ್ಡ್, ಪ್ರೆಸ್ಟನ್ ಎಂಬ ಆರು ಚಿಕ್ಕಪುಟ್ಟ ಕ್ಲಬ್ಬುಗಳಿಗೆ ಎರವಲಾಗಿ ಹೋಗಿ, ಒದ್ದೆ ಅಂಗಳಗಳಲ್ಲಿ, ಹುಡುಗನೆಂದು ಕರುಣೆ ತೋರದ ಪ್ರಾಯಸ್ಥರ ನಡುವೆ ಆಡಿ ಗಟ್ಟಿಯಾಗಿ ಮರಳಿದ್ದನು. ಮರುವರ್ಷ, ಅಂದರೆ 2018ರಲ್ಲಿ, ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ಗೋಲನ್ನು ಕಾದವನು ಆತನೇ. ಆ ವೇಳೆಗೆ ಎವರ್ಟನ್ ಕ್ಲಬ್ಬಿಗೆ ಮಾರಾಟವಾಗಿದ್ದನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೂರನೆಯ ದರ್ಜೆಯಲ್ಲಿ ಅರ್ಧ ಋತುವಿನೊಳಗೆ ಹದಿನೈದು ಗೋಲುಗಳನ್ನು ಹೊಡೆದ ಜಾಶ್ ಮಾಜಾ ಎಂಬ ತರುಣನಾದರೋ, ಕರಾರು ಮುಗಿಯುತ್ತ ಬಂದುದರಿಂದ, 2019ರ ಜನವರಿಯಲ್ಲಿ ಫ್ರಾನ್ಸಿನ ಬೋರ್ಡೋ ಕ್ಲಬ್ಬಿನ ಪಾಲಾದನು. ಆ ವರ್ಷ ಸಂಡರ್‌ಲೆಂಡು ಮೇಲೇರುವ ಫೈನಲಿನಲ್ಲಿ ಸೋತಿತು. ಮನೆಯ ಹುಡುಗನ ಕರಾರಿನ ತಾರೀಖನ್ನು ಸಕಾಲದಲ್ಲಿ ನೋಡಿಕೊಳ್ಳದ ಆಡಳಿತವು ಆ ಸೋಲಿಗಾಗಿ ಯಾರನ್ನು ದೂರಬೇಕು?

2021ರಲ್ಲಿ ಹೊಸ ಒಡೆಯರ ಕೈಗೆ ಬಂದಮೇಲೆ, ಎಳೆಯರನ್ನು ಆಡಿಸುವುದೇ ಕ್ಲಬ್ಬಿನ ಧೋರಣೆಯಾಯಿತು. ಸೌತ್ ಶೀಲ್ಡ್ಸಿನ ಡ್ಯಾನ್ ನೀಲ್ ನಡುವಿನ ಸಾಲಿನಲ್ಲಿ ನೆಲೆನಿಂತನು. ಐದನೆಯ ದರ್ಜೆಯ ನಾಟ್ಸ್ ಕೌಂಟಿಗೆ ಎರವಲು ಹೋಗಿದ್ದ ಗೋಲ್‌ಕೀಪರ್ ಆಂಟನಿ ಪ್ಯಾಟರ್ಸನ್‌ನನ್ನು ಹಿಂದಕ್ಕೆ ಕರೆಯಿಸಿ ಆಡಿಸಿದರು. 2022ರ ಮೇ ತಿಂಗಳಲ್ಲಿ ವೈಕಂಬ್ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿ ಎರಡನೆಯ ದರ್ಜೆಗೆ ಏರಿದಾಗ ಗೋಲಿನಲ್ಲಿ ನಿಂತಿದ್ದವನು ಆತನು. 2023ರ ಜನವರಿಯಲ್ಲಿ ಕ್ರಿಸ್ ರಿಗ್ ಎಂಬ ಬಾಲಕನು ಹದಿನೈದರ ವಯಸ್ಸಿಗೇ ಮೊದಲ ತಂಡದಲ್ಲಿ ಆಡಿದನು. ಗೋಲ್‌ಕೀಪರರನ್ನು ಬಿಟ್ಟರೆ ಕ್ಲಬ್ಬಿನ ಚರಿತ್ರೆಯಲ್ಲಿ ಅಷ್ಟು ಎಳೆಯವನು ಬೇರೊಬ್ಬನಿಲ್ಲ.

ಇಷ್ಟಾದರೂ ಧೋರಣೆಯೊಂದೇ ಸಾಲದೆಂಬುದು 2023–24ರಲ್ಲಿ ಗೊತ್ತಾಯಿತು. ತರುಣರ ಮನಸ್ಸನ್ನು ಬಲ್ಲ ಹಿರಿಯ ತರಬೇತುದಾರ ಟೋನಿ ಮೋಬ್ರೆಯವರನ್ನು ಡಿಸೆಂಬರಿನಲ್ಲಿ ತೆಗೆದುಹಾಕಿದರು. ಒಂದೇ ಋತುವಿನಲ್ಲಿ ಮೂವರ ಕೈ ಬದಲಾಯಿತು. ಗೋಲು ಹೊಡೆಯುವ ಭಾರವು ಹೊರನಾಡುಗಳಿಂದ ಆಗ ತಾನೇ ಬಂದಿದ್ದ ಎಳೆಯರ ಹೆಗಲಿಗೆ ಬಿದ್ದಿತು. ತಂಡವು ಹದಿನಾರನೆಯ ಸ್ಥಾನಕ್ಕೆ ಇಳಿಯಿತು. ಅಭಿಮನ್ಯುವಿನ ಕಥೆಯನ್ನು ಹೇಳುವಾಗ, ಬಾಲಕನನ್ನು ಚಕ್ರವ್ಯೂಹಕ್ಕೆ ಕಳುಹಿಸಿದುದೇ ತಪ್ಪೆಂದು ನಾವು ಸಾಮಾನ್ಯವಾಗಿ ಮರುಗುತ್ತೇವೆ. ವ್ಯೂಹವನ್ನು ಒಡೆಯಬಲ್ಲವನು ಅಂದು ಪಾಳೆಯದಲ್ಲಿ ಆತನೊಬ್ಬನೇ, ಕಳುಹಿಸದೆ ಗತಿಯಿರಲಿಲ್ಲ. ಹಿಂದೆಯೇ ನುಗ್ಗಿ ಬರುವೆವೆಂದು ಮಾತುಕೊಟ್ಟ ಹಿರಿಯರನ್ನು ಸೈಂಧವನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದುದರಿಂದಲೇ ಅನರ್ಥವಾಯಿತು. ಸಂಡರ್‌ಲೆಂಡಿನ ಹುಡುಗರ ಹಿಂದೆಯೂ ಆ ವರ್ಷ ಸಾಕಷ್ಟು ಹಿರಿಯರಿರಲಿಲ್ಲ.

2024ರಲ್ಲಿ ಬಂದ ರೆಜಿಸ್ ಲ ಬ್ರೀ ಎಂಬ ಫ್ರೆಂಚ್ ತರಬೇತುದಾರರು ಲೋರಿಯಾಂ ಕ್ಲಬ್ಬಿನ ಅಕಾಡೆಮಿಯನ್ನು ನಡೆಸಿದ ಅನುಭವಿಗಳು. ಅವರು ಹುಡುಗರನ್ನು ಕೈಬಿಡಲಿಲ್ಲ. ನೀಲ್‌ನನ್ನು ನಾಯಕನನ್ನಾಗಿ ಮಾಡಿದರು. ಹದಿನೇಳರ ರಿಗ್‌ನನ್ನು ನಂಬಿ ಆಡಿಸಿದರು. ಹಿಂದಿನ ವರ್ಷ ಒಂದು ಗೋಲೂ ಹೊಡೆಯಲಾರದೆ ಸ್ಕಾಟ್ಲೆಂಡಿಗೆ ಎರವಲು ಹೋಗಿದ್ದ ಎಲಿಯೆಜರ್ ಮಯೆಂಡಾ ತಾಳ್ಮೆಯ ಪೋಷಣೆಯಿಂದ ಮರಳಿ ಚಿಗುರಿದನು. ವೆಂಬ್ಲಿಯಲ್ಲಿ ಸಮಗೋಲನ್ನು ಹೊಡೆದವನು ಆತನೇ. ವಾಟ್ಸನ್‌ನ ವಿಷಯವನ್ನು ಮೊದಲೇ ಹೇಳಿದೆವು.

ಇನ್ನು ಮಾರಾಟದ ಮಾತು. ಇದರಲ್ಲಿ ಲೆಕ್ಕಪತ್ರದ ಒಂದು ಮರ್ಮವಿದೆ; ಕಚೇರಿಯ ವ್ಯವಹಾರ ಬಲ್ಲ ವಾಚಕರು ಇದನ್ನು ಕೂಡಲೆ ಗ್ರಹಿಸುವರು. ಹೊರಗಿನಿಂದ ಕೊಂಡ ಆಟಗಾರನ ಬೆಲೆಯನ್ನು ಆತನ ಕರಾರಿನ ವರ್ಷಗಳಿಗೆ ಹಂಚಿ ಖರ್ಚು ಬರೆಯುವರು. ಮಾರಿದಾಗ ಉಳಿದ ಬಾಕಿಯನ್ನು ಕಳೆದು ಲಾಭವನ್ನು ಎಣಿಸುವರು. ಅಕಾಡೆಮಿಯ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಆತನನ್ನು ಮಾರಿ ಬಂದುದೆಲ್ಲವೂ ಆ ವರ್ಷದ ಶುದ್ಧ ಲಾಭ. ನಷ್ಟದ ಮಿತಿಯನ್ನು ಮೀರಿದರೆ ಅಂಕಗಳನ್ನು ಕಳೆಯುವ ದಂಡನೆ ಇರುವಲ್ಲಿ, ಕಷ್ಟದಲ್ಲಿರುವ ಕ್ಲಬ್ಬಿಗೆ ಮೊದಲು ಕಣ್ಣಿಗೆ ಬೀಳುವವನು ಮನೆಯ ಮಗನೇ. ಹತ್ತು ವರ್ಷ ಕಲಿಸಿದ ಶ್ರಮಕ್ಕೆ ಲೆಕ್ಕದಲ್ಲಿ ಸೊನ್ನೆ ಬರೆಯುವ ಪದ್ಧತಿಯು, ಎಳೆಯರನ್ನು ಬೆಳೆಸಿರೆಂದು ಒಂದು ಬಾಯಲ್ಲಿ ಹೇಳಿ, ಮಾರಿರೆಂದು ಇನ್ನೊಂದು ಬಾಯಲ್ಲಿ ಹೇಳಿದಂತೆ. ವಾಟ್ಸನ್ ತಾನಾಗಿ ಹೊರಡಲು ಇಚ್ಛಿಸಿದ್ದರೂ ಇರಬಹುದು. ತರುಣನ ಆಕಾಂಕ್ಷೆಯನ್ನು ನಾವು ಹಳಿಯುವುದಿಲ್ಲ. ನಮ್ಮ ಆಕ್ಷೇಪಣೆಯು ಆ ಪದ್ಧತಿಯ ಮೇಲೆ.

ಅಗ್ರದರ್ಜೆಗೆ ಏರಿದ ಬೇಸಗೆಯಲ್ಲಿಯೇ ಸಂಡರ್‌ಲೆಂಡು ಹೇರಳವಾಗಿ ಹಣ ಸುರಿದು ಹೊಸಬರನ್ನು ಕೊಂಡಿತು. ಮೇಲಿನ ಆಟವು ಕಠಿನವಾದುದು. ಅದರ ಅವಶ್ಯಕತೆಯನ್ನು ಅಲ್ಲಗಳೆಯಲಾಗದು. ಪ್ಯಾಟರ್ಸನ್ ಕಾಯುತ್ತಿದ್ದ ಗೋಲಿಗೆ ಹಾಲೆಂಡಿನ ರಾಬಿನ್ ರೂಫ್ಸ್ ಬಂದನು. ವೆಂಬ್ಲಿಯಲ್ಲಿ ಡ್ಯಾನ್ ನೀಲ್ ತೊಟ್ಟಿದ್ದ ನಾಯಕನ ಪಟ್ಟಿಯು ಮೂವತ್ತೆರಡರ ಸ್ವಿಸ್ ಆಟಗಾರ ಗ್ರಾನಿಟ್ ಜಾಕಾನ ತೋಳಿಗೆ ಹೋಯಿತು.