ಸಾವಿರ ರಿಯಾಲ್ ಸಂಬಳದ ಗಂಟೆ ಲೆಕ್ಕ

ಕತಾರ್‌ನಲ್ಲಿ ಕೆಲಸಗಾರ ಯಾವ ದೇಶದವನಾದರೂ ಸರಿ, ಯಾವ ಕೆಲಸ ಮಾಡಿದರೂ ಸರಿ, ತಿಂಗಳಿಗೆ 1,000 ರಿಯಾಲ್‌ಗಿಂತ ಕಡಿಮೆ ಮೂಲ ವೇತನ ಕೊಡುವಂತಿಲ್ಲ. 2021ರ ಮಾರ್ಚ್ 20ರಿಂದ ಈ ಕಾನೂನು ಜಾರಿಯಲ್ಲಿದೆ. ಕಂಪನಿ ತಾನೇ ಊಟ, ವಸತಿ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ರಿಯಾಲ್ ಸೇರಿಸಿ ಕೊಡಬೇಕು. ಅದಕ್ಕೆ ಮೊದಲು, 2017ರಿಂದ, 750 ರಿಯಾಲ್‌ನ ತಾತ್ಕಾಲಿಕ ಮಿತಿ ಇತ್ತು.

ಡಾಲರ್ ₹84ರ ಆಸುಪಾಸಿನಲ್ಲಿದ್ದಾಗ ಒಂದು ರಿಯಾಲ್‌ಗೆ ₹23 ಬೀಳುತ್ತದೆ. ಸಾವಿರ ರಿಯಾಲ್ ಎಂದರೆ ₹23,000. ಕರಾವಳಿಯ ಊರುಗಳಲ್ಲಿ ಏಜೆಂಟರು ಹೇಳುವುದು ಈ ಒಂದು ಅಂಕಿಯನ್ನು. ಮನೆಯವರು ಅದನ್ನು ಊರಿನ ಕೂಲಿಯ ಪಕ್ಕದಲ್ಲಿಟ್ಟು ನೋಡುತ್ತಾರೆ, ಸಾಲ ಮಾಡುತ್ತಾರೆ, ಹುಡುಗ ವಿಮಾನ ಹತ್ತುತ್ತಾನೆ. ತಿಂಗಳ ಸಂಬಳವನ್ನು ರೂಪಾಯಿಗೆ ತಿರುಗಿಸಿ ಅಲ್ಲಿಗೇ ನಿಲ್ಲಿಸುವ ಈ ಲೆಕ್ಕ ಅರ್ಧ ಲೆಕ್ಕ. ಎಷ್ಟು ಗಂಟೆ ದುಡಿದರೆ ಈ ಹಣ, ಹೋಗಲು ಎಷ್ಟು ಖರ್ಚಾಯಿತು, ಬಿಟ್ಟು ಬರುವ ಸ್ವಾತಂತ್ರ್ಯ ಎಷ್ಟು ಎಂಬುದನ್ನು ಕೂಡಿಸಿ ಕಳೆಯದೆ ಎರಡು ದೇಶಗಳ ಕೂಲಿಯನ್ನು ತೂಗಿ ನೋಡಲಾಗದು.

ಮೊದಲು ಗಂಟೆ. ಕತಾರ್ ಕಾನೂನಿನ ಪ್ರಕಾರ ವಾರಕ್ಕೆ 48 ಗಂಟೆ ಕೆಲಸ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಸಾವಿರ ರಿಯಾಲನ್ನು 208ರಿಂದ ಭಾಗಿಸಿದರೆ ಗಂಟೆಗೆ 4.8 ರಿಯಾಲ್, ಅಂದರೆ ಸುಮಾರು ₹110.

ಇನ್ನು ನಮ್ಮ ಕಡೆ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕೈಪಿಡಿಯಲ್ಲಿ 2022-23ರ ಗ್ರಾಮೀಣ ಕಟ್ಟಡ ಕಾರ್ಮಿಕರ ದಿನಗೂಲಿಯ ದೇಶದ ಸರಾಸರಿ ₹393. ಗಂಟೆಗೆ ₹49. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ 2025ರ ಏಪ್ರಿಲ್‌ನಲ್ಲಿ ₹370 ಆಯಿತು. ಎಂಟು ಗಂಟೆಗೆ ಹಂಚಿದರೆ ₹46. ಇಷ್ಟೇ ನೋಡಿದರೆ ಕತಾರ್‌ನ ರಾಜಧಾನಿ ದೋಹಾದ ಕೂಲಿ ಎರಡು ಪಟ್ಟಿಗೂ ಹೆಚ್ಚು. ಆದರೆ ಅದೇ ಕೈಪಿಡಿಯಲ್ಲಿ ಕೇರಳದ ಸಾಲಿಗೆ ಕಣ್ಣು ಹಾಯಿಸಿ: ₹852. ಗಂಟೆಗೆ ₹107. ತಲಪಾಡಿ ಗಡಿಯಿಂದಾಚೆ ಗಾರೆ ಕೆಲಸ ಮಾಡುವವನ ಗಂಟೆಗೂ ದೋಹಾದಲ್ಲಿ ಕನಿಷ್ಠ ವೇತನಕ್ಕೆ ದುಡಿಯುವವನ ಗಂಟೆಗೂ ಇರುವ ವ್ಯತ್ಯಾಸ ಮೂರು ರೂಪಾಯಿ. ಪಾಸ್‌ಪೋರ್ಟ್ ಬೇಡ, ಮೆಡಿಕಲ್ ಬೇಡ, ಏಜೆಂಟ್ ಬೇಡ, ಬಸ್ ಚಾರ್ಜ್ ಸಾಕು. ಕೂಲಿ ಕೆಲಸಕ್ಕೆ ಗಲ್ಫ್‌ಗೆ ಹೋಗಲು ಅನುಮತಿ ಪಡೆಯುವವರ ಪಟ್ಟಿಯಲ್ಲಿ ಕೇರಳದವರು ಹಿಂದೆ ಸರಿದು ಉತ್ತರ ಪ್ರದೇಶ, ಬಿಹಾರದವರು ಮುಂದೆ ಬಂದಿರುವುದಕ್ಕೆ ಇದೊಂದು ಮುಖ್ಯ ಕಾರಣ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ದೋಹಾಕ್ಕೆ ಹೋಗುವುದರಲ್ಲಿ ಲಾಭವೇ ಇಲ್ಲವೇ? ಇದೆ. ಅದು ಸಂಬಳದ ಮೊತ್ತಕ್ಕಿಂತ ಅದರ ಖಚಿತತೆಯಲ್ಲಿದೆ. ದಿನಗೂಲಿಯವನಿಗೆ 26 ದಿನ ಕೆಲಸ ಸಿಕ್ಕರೆ ₹852ರ ದರದಲ್ಲಿ ₹22,152. ಆಷಾಢದ ಮಳೆಯಲ್ಲಿ 18 ದಿನ ಮಾತ್ರ ಸಿಕ್ಕರೆ ₹15,336. ಊಟ, ಬಾಡಿಗೆ ಎಲ್ಲವೂ ಅದರಲ್ಲೇ ಆಗಬೇಕು. ಕ್ಯಾಂಪಿನಲ್ಲಿ ಊಟ, ವಸತಿ ಕಂಪನಿಯದ್ದೇ ಆದರೆ ಸಾವಿರ ರಿಯಾಲ್ ಬಹುಪಾಲು ಕೈಯಲ್ಲಿ ಉಳಿಯುತ್ತದೆ. ಫೋನು, ಸೋಪು, ಚಹಾ ಅಂತ 150 ರಿಯಾಲ್ ಹೋದರೂ 850 ರಿಯಾಲ್, ಅಂದರೆ ₹19,550 ಊರಿಗೆ ಕಳಿಸಬಹುದು. ಊರಲ್ಲಿ ಕೂಲಿ ಮಾಡುವ ಯಾರೂ ತಿಂಗಳು ತಿಂಗಳೂ ಇಷ್ಟು ಉಳಿಸಲಾರರು.

ಇದರ ಮೇಲೆ ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೂಲಿ. ಗಲ್ಫ್‌ನಿಂದ ಬಂದವರೆಲ್ಲ ಮೊದಲು ಹೇಳುವುದೇ ಓಟಿ ಇತ್ತೋ ಇಲ್ಲವೋ ಎಂಬುದನ್ನು. ಕತಾರ್‌ನಲ್ಲಿ ದಿನಕ್ಕೆ ಎರಡು ಗಂಟೆವರೆಗೆ ಹೆಚ್ಚುವರಿ ಕೆಲಸ ಮಾಡಿಸಬಹುದು. ದರ ಮೂಲ ವೇತನದ ಮೇಲೆ ಶೇ 25 ಹೆಚ್ಚು. ಸಾವಿರ ರಿಯಾಲ್‌ನವನಿಗೆ ಗಂಟೆಗೆ 6 ರಿಯಾಲ್, ₹138. ತಿಂಗಳಿಗೆ 52 ಗಂಟೆ ಓಟಿ ಮಾಡಿದರೆ 312 ರಿಯಾಲ್, ಸುಮಾರು ₹7,200. ಭಾರತದ ಕಾನೂನಿನಲ್ಲಿ ಓಟಿಗೆ ಎರಡು ಪಟ್ಟು ಕೂಲಿ. ಬೆಂಗಳೂರಿನ ಕಾರ್ಖಾನೆಯಲ್ಲಿ ₹15,000 ಸಂಬಳದವನ ಮಾಮೂಲಿ ಗಂಟೆಗೆ ₹72 ಆದರೆ ಓಟಿ ಗಂಟೆಗೆ ₹144. ಹೆಚ್ಚುವರಿ ಗಂಟೆಯ ಬೆಲೆ ಕಾಗದದ ಮೇಲೆ ಬೆಂಗಳೂರಿನಲ್ಲೇ ಜಾಸ್ತಿ. ಕಟ್ಟಡ ಕಾರ್ಮಿಕರಿಗೂ ಎರಡು ಪಟ್ಟು ಕೊಡಬೇಕೆಂದು 1996ರ ಕಾಯ್ದೆಯೇ ಹೇಳಿತ್ತು. ಆದರೆ ಸೈಟಿನಲ್ಲಿ ಕಾಂಕ್ರೀಟ್ ಹಾಕುವ ದಿನ ರಾತ್ರಿ ಎಂಟರವರೆಗೆ ನಿಂತ ಹೆಂಗಸಿಗೆ ಮೇಸ್ತ್ರಿ ಕೊಡುವುದು ಒಂದು ಚಹಾ, ನೂರು ರೂಪಾಯಿ. ಒಳ್ಳೆಯ ಕಾನೂನು ಇದ್ದೂ ಅದು ಕೂಲಿಯವರ ಕೈ ಸೇರದಿರುವುದು ನಮ್ಮ ದೇಶದ ದೊಡ್ಡ ಸೋಲು. ಜನ ವಿಮಾನ ಹತ್ತುವುದರಲ್ಲಿ ಈ ಸೋಲಿನ ಪಾಲೂ ಇದೆ.

ಈಗ ಸಾಲ. ವಿದೇಶಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ ₹30,000, ಶೇ 18 ಜಿಎಸ್‌ಟಿ ಸೇರಿ ₹35,400. ಕತಾರ್‌ನ ಕಾನೂನಂತೂ ನೇಮಕದ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟಲೇಬಾರದು ಎನ್ನುತ್ತದೆ. ವಾಸ್ತವದಲ್ಲಿ ‘ವೀಸಾ ದುಡ್ಡು’ ಎಂದು ಲಕ್ಷ ದಾಟಿ ಕೊಟ್ಟವರು ಊರೂರಲ್ಲಿದ್ದಾರೆ. ಒಂದೂವರೆ ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ತಂದರು ಎಂದುಕೊಳ್ಳೋಣ. ಮೊದಲ ತಿಂಗಳ ಬಡ್ಡಿಯೇ ₹4,500. ತಿಂಗಳಿಗೆ ₹20,000 ಕಟ್ಟುತ್ತಾ ಹೋದರೆ ಸಾಲ ತೀರುವುದು ಒಂಬತ್ತನೇ ತಿಂಗಳಲ್ಲಿ, ಅಷ್ಟರಲ್ಲಿ ಬಡ್ಡಿಗೆ ಹೋದದ್ದು ಸುಮಾರು ₹22,500. ಓಟಿ ಇಲ್ಲದ ಮೂಲ ವೇತನದಲ್ಲಿ ಕಳಿಸಬಹುದಾದದ್ದು ₹19,550 ಎಂಬುದನ್ನು ನೆನಪಿಡಿ. ಎರಡು ವರ್ಷದ ಕರಾರಿನಲ್ಲಿ ಮೊದಲ ಎಂಟು ತಿಂಗಳು ಮನೆಗೆ ಒಂದು ರೂಪಾಯಿಯೂ ಇಲ್ಲ. ಕಾನೂನು ಹೇಳಿದಷ್ಟೇ ಕೊಟ್ಟಿದ್ದರೆ ಎರಡು ತಿಂಗಳೊಳಗೆ ತೀರುತ್ತಿತ್ತು. ದೋಹಾದ ಕೂಲಿಯನ್ನು ಕೇರಳದ ಕೂಲಿಗಿಂತ ಕೆಳಗೆ ಎಳೆಯುವುದು ಅಲ್ಲಿನ ಬಿಸಿಲಲ್ಲ, ಇಲ್ಲಿನ ಈ ಸಾಲ.

ಇನ್ನು ವಿನಿಮಯ ದರ. ರಿಯಾಲ್ 2001ರಿಂದ ಡಾಲರಿಗೆ 3.64ರಂತೆ ಕಟ್ಟಿಹಾಕಿಕೊಂಡಿದೆ. 2021ರ ಮಾರ್ಚ್‌ನಲ್ಲಿ ಡಾಲರ್ ₹73ರ ಸುಮಾರಿನಲ್ಲಿದ್ದಾಗ ಸಾವಿರ ರಿಯಾಲ್ ಎಂದರೆ ₹20,000. ಮೂರು ವರ್ಷದ ನಂತರ ಅದು ₹23,000 ಆಯಿತು, ಆದರೆ ಕನಿಷ್ಠ ವೇತನ ಅಷ್ಟರಲ್ಲಿ ಒಂದು ರಿಯಾಲೂ ಏರಿರಲಿಲ್ಲ. ಏರಿಕೆಯಂತೆ ಕಂಡದ್ದು ರೂಪಾಯಿಯ ಇಳಿಕೆ.

ಕೆಲಸದ ಪರಿಸ್ಥಿತಿಗೆ ಬರೋಣ. ಬಿಸಿಲಿನ ವಿಷಯದಲ್ಲಿ ಕತಾರ್‌ನ ನಿಯಮ ನಮಗಿಂತ ಸ್ಪಷ್ಟ: 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಶಾಖ, ತೇವ, ಗಾಳಿ, ಬಿಸಿಲು ಎಲ್ಲವನ್ನೂ ಸೇರಿಸಿ ಅಳೆಯುವ ಮಾಪನದಲ್ಲಿ 32.1 ಡಿಗ್ರಿ ದಾಟಿದರೆ ವರ್ಷದ ಯಾವ ದಿನವೇ ಆಗಲಿ ಕೆಲಸ ನಿಲ್ಲಬೇಕು. ಇದನ್ನು ನಮ್ಮ ರಾಯಚೂರು, ಕಲಬುರಗಿಯ ರಸ್ತೆ ಕೆಲಸಕ್ಕೂ ತರಬೇಕು. ಇಷ್ಟೆಲ್ಲ ನಿಯಮಗಳು ಬಂದದ್ದು ಸುಮ್ಮನೆ ಅಲ್ಲ. 2022ರ ವಿಶ್ವಕಪ್ ಫುಟ್‌ಬಾಲ್‌ನ ಕಾಮಗಾರಿಗಳ ಕಾಲದಲ್ಲಿ ಸತ್ತವರ ಬಗ್ಗೆ ಜಗತ್ತು ಪ್ರಶ್ನೆ ಕೇಳಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2020ರ ಒಂದೇ ವರ್ಷದಲ್ಲಿ ಕತಾರ್‌ನಲ್ಲಿ ಕೆಲಸಕ್ಕೆ ಸಂಬಂಧಿಸಿದ 50 ಸಾವು, 506 ತೀವ್ರ ಗಾಯದ ಪ್ರಕರಣಗಳನ್ನು ಲೆಕ್ಕ ಹಾಕಿತು. ದಾಖಲೆಗಳಲ್ಲಿ ಕೊರತೆ ಇದೆ ಎಂದೂ ಹೇಳಿತು.

ವಸತಿಗೂ ಅಳತೆ ಇದೆ. ಒಬ್ಬ ಕಾರ್ಮಿಕನಿಗೆ 6 ಚದರ ಮೀಟರ್ ಜಾಗ, ಒಂದು ಕೋಣೆಗೆ ಹೆಚ್ಚೆಂದರೆ ನಾಲ್ವರು, ಒಂದರ ಮೇಲೊಂದು ಮಂಚ ಕೂಡದು. ಮಂಚದ ಕೆಳಗೆ ಸೂಟ್‌ಕೇಸು, ಗೋಡೆಯ ಮೊಳೆಗೆ ಡ್ಯೂಟಿ ಬಟ್ಟೆ, ತಲೆದಿಂಬಿನ ಪಕ್ಕ ಚಾರ್ಜರ್: ಎರಡು ವರ್ಷದ ಸಂಸಾರ ಆ 6 ಚದರ ಮೀಟರಿನಲ್ಲಿ. ನಿಯಮ ಮೀರಿ ಎಂಟು, ಹತ್ತು ಜನರನ್ನು ತುಂಬಿದ ಕೋಣೆಗಳ ವರದಿಗಳು ಮತ್ತೆ ಮತ್ತೆ ಬಂದಿವೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟಿನ ಪಕ್ಕದ ತಗಡಿನ ಶೆಡ್ಡುಗಳನ್ನು ನೋಡಿದವರು ಇಲ್ಲಿನದು ಮೇಲು ಎನ್ನಲಾರರು.

ಒಂದು ವಿಷಯದಲ್ಲಿ ಮಾತ್ರ ಊರಿನ ಕೂಲಿಯೇ ಮೇಲು. ಇಲ್ಲಿ ಮೇಸ್ತ್ರಿ ಬೈದರೆ ನಾಳೆ ಬೇರೆ ಸೈಟಿಗೆ ಹೋಗಬಹುದು, ಸಂಘ ಕಟ್ಟಬಹುದು, ಮುಷ್ಕರ ಹೂಡಬಹುದು. ಕತಾರ್‌ನಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮ 2020ರಲ್ಲಿ ಹೋಯಿತು; ಮೊದಲ ಎರಡು ವರ್ಷದಲ್ಲಿ ಒಂದು ತಿಂಗಳ ನೋಟಿಸ್ ಕೊಟ್ಟರೆ ಸಾಕು. ಆದರೆ ಹೊರಗಿನವರು ಸಂಘ ಕಟ್ಟುವಂತಿಲ್ಲ.

ಹಿಂತಿರುಗುವವರು ಮರೆಯುವ ಹಣವೂ ಒಂದಿದೆ. ಒಂದು ವರ್ಷ ಪೂರೈಸಿದವನಿಗೆ ಪ್ರತಿ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಗ್ರಾಚ್ಯುಟಿ ಬರಬೇಕು. ಸಾವಿರ ರಿಯಾಲ್‌ನವನಿಗೆ ಅದು ವರ್ಷಕ್ಕೆ 700 ರಿಯಾಲ್, ಎರಡು ವರ್ಷಕ್ಕೆ ಸುಮಾರು ₹32,200. ಲೆಕ್ಕ ಚುಕ್ತಾ ಆಗದೆ ವಿಮಾನ ಹತ್ತಬೇಡಿ.

ಹೊರಡುವ ಮೊದಲು ಮನೆಯವರು ಕುಳಿತು ಕರಾರು ಓದಿ. ಅದರಲ್ಲಿ ಮೂಲ ವೇತನ ಎಷ್ಟು, ಊಟ ಯಾರದ್ದು ಎಂಬುದು ಬೇರೆ ಬೇರೆ ಬರೆದಿರಬೇಕು. ಏಜೆಂಟ್ ₹35,400ಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಡಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳೋಣ ಎಂದರೆ ಒಪ್ಪಬೇಡಿ: ಹತ್ತನೇ ತರಗತಿ ಪಾಸಾಗದವರು ಸರಕಾರದ ಅನುಮತಿ ಪಡೆದು ಹೋಗುವಾಗ ಎರಡು ವರ್ಷಕ್ಕೆ ₹275 ಕಟ್ಟಿದರೆ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ₹10 ಲಕ್ಷದ ವಿಮೆ ಸಿಗುತ್ತದೆ, ವಿಸಿಟ್ ವೀಸಾದಲ್ಲಿ ಹೋದವರಿಗೆ ಅದು ಇಲ್ಲ.