ಚುಚ್ಚುಮದ್ದಿನ ಪುಡಿಗೆ ಯಾವ ನೀರು?

ಕೆಲವು ಔಷಧಗಳು ದ್ರವರೂಪದಲ್ಲಿ ಬಹುಕಾಲ ಕೆಡದೆ ಉಳಿಯಲಾರವು. ಆದುದರಿಂದ ಅವುಗಳನ್ನು ಒಣಪುಡಿಯಾಗಿ ಸೀಸೆಯಲ್ಲಿ ತುಂಬಿಟ್ಟು, ಚುಚ್ಚುವ ಮುನ್ನ ದ್ರವ ಬೆರೆಸಿ ಕರಗಿಸುತ್ತಾರೆ. ಕಣ್ಣಿಗೆ ಈ ದ್ರವಗಳೆಲ್ಲವೂ ತಿಳಿನೀರಿನಂತೆಯೇ ಕಾಣುತ್ತವೆ; ಗುಣದಲ್ಲಿ ಮಾತ್ರ ಒಂದರಂತೆ ಇನ್ನೊಂದಿಲ್ಲ. ಮನೆಯಲ್ಲಿ ಚುಚ್ಚುಮದ್ದು ಪಡೆಯುವವರೂ ಅವರ ಆರೈಕೆ ಮಾಡುವವರೂ ಈ ಭೇದವನ್ನು ಅರಿತಿರಬೇಕು.

ಮೊದಲನೆಯದು, ಚುಚ್ಚುಮದ್ದಿಗೆಂದೇ ಸಿದ್ಧಪಡಿಸಿದ ಕ್ರಿಮಿರಹಿತ ಶುದ್ಧಜಲ. ಇದರಲ್ಲಿ ಲವಣವಿಲ್ಲ, ಕೆಡದಂತೆ ಕಾಪಾಡುವ ರಾಸಾಯನಿಕವೂ ಇಲ್ಲ. ಆದುದರಿಂದ ತೆರೆದುದನ್ನು ಒಂದೇ ಸಲ ಬಳಸಿ, ಉಳಿದುದನ್ನು ಚೆಲ್ಲಬೇಕು. ಏನನ್ನೂ ಬೆರೆಸದೆ ಇದನ್ನೇ ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಕೆಂಪು ರಕ್ತಕಣಗಳು ನೀರು ಹೀರಿ ಒಡೆಯುತ್ತವೆ. ಜನರು ಇದನ್ನು ‘ಡಿಸ್ಟಿಲ್ಡ್ ವಾಟರ್’ ಎನ್ನುವುದುಂಟು. ಅದೇ ಹೆಸರಿನಲ್ಲಿ ವಾಹನದ ಬ್ಯಾಟರಿಗೆಂದು ಮಾರುವ ನೀರು ಚುಚ್ಚುಮದ್ದಿಗೆ ಎಂದಿಗೂ ಸಲ್ಲದು.

ಎರಡನೆಯದು ಬ್ಯಾಕ್ಟೀರಿಯೋಸ್ಟ್ಯಾಟಿಕ್ ವಾಟರ್. ಇದರಲ್ಲಿರುವ ಶೇ. 0.9ರಷ್ಟು ಬೆಂಜೈಲ್ ಆಲ್ಕೋಹಾಲ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದುದರಿಂದ ಒಂದೇ ಸೀಸೆಯಿಂದ, ಸಾಮಾನ್ಯವಾಗಿ 28 ದಿನಗಳವರೆಗೆ, ಪ್ರತಿ ಬಾರಿ ಹೊಸ ಸೂಜಿಯಿಂದ ದ್ರವ ತೆಗೆಯಬಹುದು. ಆದರೆ ನವಜಾತ ಶಿಶುಗಳಿಗೆ ಇದು ವರ್ಜ್ಯ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅವಧಿಗೆ ಮುನ್ನ ಜನಿಸಿದ ಕೆಲವು ಶಿಶುಗಳು ಈ ರಾಸಾಯನಿಕದಿಂದಾಗಿ ಏದುಸಿರುಬಿಟ್ಟು ಅಸುನೀಗಿದವು. 1982ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಈ ಬಗ್ಗೆ ವೈದ್ಯರನ್ನು ಎಚ್ಚರಿಸಿತು.

ಮೂರನೆಯದು ನಾರ್ಮಲ್ ಸಲೈನ್. ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ಕ್ರಿಮಿರಹಿತ ನೀರು. ಇದರ ಸಾಂದ್ರತೆ ರಕ್ತಕ್ಕೆ ಹೊಂದುವುದರಿಂದ ರಕ್ತಕಣಗಳಿಗೆ ಹಾನಿಯಿಲ್ಲ. ಆದರೂ ಎಲ್ಲ ಔಷಧಗಳಿಗೂ ಇದು ಒಗ್ಗದು. ಶಿಲೀಂಧ್ರ ಸೋಂಕಿಗೆ ಕೊಡುವ ಆಂಫೋಟೆರಿಸಿನ್-ಬಿ ಔಷಧವು ಸಲೈನಿನಲ್ಲಿ ಕರಗದೆ ಗಷ್ಟುಗಟ್ಟುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತು: ಎರಡನೆಯ ಮತ್ತು ಮೂರನೆಯ ದ್ರವಗಳ ಚೀಟಿಗಳೆರಡರಲ್ಲೂ 0.9 ಎಂಬ ಅಂಕಿಯೇ ಇರುತ್ತದೆ. ಅಂಕಿಯನ್ನಷ್ಟೇ ನೋಡದೆ ಹೆಸರನ್ನೂ ಓದಬೇಕು.

ಲಸಿಕೆಗಳ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟಾದುದು. ದಡಾರ ಲಸಿಕೆಗೆ ಅದರ ತಯಾರಕರೇ ಒದಗಿಸಿದ ದ್ರವವನ್ನಲ್ಲದೆ ಬೇರೇನನ್ನೂ ಬೆರೆಸಕೂಡದು. 2014ರಲ್ಲಿ ಸಿರಿಯಾದ ಇದ್ಲಿಬ್ ಪ್ರಾಂತ್ಯದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಬಳಸುವ ಔಷಧವನ್ನು ಲಸಿಕೆಯ ದ್ರವವೆಂದು ಭ್ರಮಿಸಿ ಬೆರೆಸಿದ್ದರಿಂದ ಹಲವು ಎಳೆಯ ಮಕ್ಕಳು ಪ್ರಾಣ ಕಳೆದುಕೊಂಡರು.

ಆದುದರಿಂದ ಔಷಧದೊಡನೆ ಬಂದ ದ್ರವವನ್ನೇ, ವೈದ್ಯರು ಹೇಳಿದ ಅಳತೆಯಲ್ಲಿಯೇ ಬಳಸಿರಿ. ಅದು ಒಡೆದುಹೋದರೆ ಮನೆಯಲ್ಲಿ ಉಳಿದಿರುವ ಬೇರೊಂದು ಸೀಸೆಗೆ ಕೈಹಾಕದೆ ವೈದ್ಯರನ್ನಾಗಲಿ ಔಷಧ ವಿತರಕರನ್ನಾಗಲಿ ವಿಚಾರಿಸಿರಿ. ಚುಚ್ಚುವ ದಾದಿಯರಲ್ಲಿ “ಇದಕ್ಕೆ ಬೆರೆಸಿದ್ದು ಯಾವುದು?” ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.