ಒಂದೇ ಬಳ್ಳಿ, ಎರಡು ಬಾಳು

ಹಣ್ಣಿಗೆ ಊರಿನ ಹೆಸರಿಟ್ಟು ಕರೆಯುವ ವಾಡಿಕೆ ನಮ್ಮ ನಾಡಿನಲ್ಲಿ ಹಳೆಯದು. ಶ್ರೀರಂಗಪಟ್ಟಣದ ಮಗ್ಗುಲಲ್ಲಿರುವ ಗಂಜಾಮಿನ ಅಂಜೂರ, ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ ಎಂದೊಡನೆಯೇ ಬಾಯಲ್ಲಿ ನೀರೂರುತ್ತದೆ. ಮಣ್ಣು, ನೀರು, ಗಾಳಿಗಳು ಕೂಡಿ ಒಂದು ಊರಿಗೆ ಕೊಟ್ಟ ರುಚಿಯನ್ನು ಇನ್ನೊಂದು ಊರು ಕೊಡಲಾರದೆಂಬ ಅನುಭವವೇ ಈ ಹೆಸರುಗಳ ಹಿಂದಿದೆ. ಕಾಲುವೆಯ ನೀರು ಹರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳಲ್ಲಿ ಕಬ್ಬು ಭತ್ತಗಳೂ, ಬಹುಪಾಲು ಮಳೆಯನ್ನೇ ನೆಚ್ಚಿದ ನಾಗಮಂಗಲದಲ್ಲಿ ರಾಗಿ ತೆಂಗುಗಳೂ ನೆಲೆನಿಂತದ್ದು ಇದೇ ಕಾರಣದಿಂದ.

ನೆಲಕ್ಕೂ ರುಚಿಗೂ ಇರುವ ಈ ನಂಟನ್ನು ಕಾನೂನಿನ ಮಟ್ಟಕ್ಕೇ ಏರಿಸಿದವರಲ್ಲಿ ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದ ದ್ರಾಕ್ಷಿ ಬೆಳೆಗಾರರು ಪ್ರಮುಖರು. ಆಲ್ಪ್ಸ್ ಪರ್ವತಗಳು ಬೆನ್ನಿಗೆ ನಿಂತ ಈ ಪ್ರಾಂತದ ಗುಡ್ಡಗಳಲ್ಲಿ ಮೂರು ಕಪ್ಪು ದ್ರಾಕ್ಷಿಗಳಿಗೆ ಮುಖ್ಯ ಸ್ಥಾನ. ಮೊದಲನೆಯದು ನೆಬ್ಬಿಯೋಲೊ. ಅಕ್ಟೋಬರಿನಲ್ಲಿ ಗುಡ್ಡಗಳನ್ನು ಮಂಜು ಕವಿಯುವ ಹೊತ್ತಿಗೆ ಇದು ಮಾಗುತ್ತದೆ. ಮಂಜಿಗೆ ಆ ಭಾಷೆಯಲ್ಲಿರುವ 'ನೆಬ್ಬಿಯಾ' ಎಂಬ ಮಾತಿನಿಂದಲೇ ಅದಕ್ಕೆ ಈ ಹೆಸರು ಬಂದಿತೆಂದು ಹೇಳುವುದುಂಟು. ಎರಡನೆಯದು ಬಾರ್ಬೇರಾ, ಅದರಲ್ಲಿ ಹುಳಿ ಮುಂದು, ಒಗರು ಹಿಂದು. ಮೂರನೆಯದು ದೊಲ್ಚೆತ್ತೊ. ಹೆಸರಿಗೆ 'ಪುಟ್ಟ ಸಿಹಿ' ಎಂಬ ಅರ್ಥವಿದ್ದರೂ ಅದರ ವೈನು ಸಿಹಿಯಲ್ಲ.

ಕೆಂಪು ವೈನಿನ ಬಣ್ಣವೂ ಒಗರೂ ಹಣ್ಣಿನ ಸಿಪ್ಪೆಯಿಂದ ಬರತಕ್ಕವು. ಹಿಂಡಿದ ರಸವನ್ನು ಸಿಪ್ಪೆಯೊಡನೆಯೇ ಹುಳಿಯಲು ಬಿಡುವುದರ ಮರ್ಮ ಇದೇ. ನೆಬ್ಬಿಯೋಲೊ ಹಣ್ಣಿನ ಒಗರು ನಮ್ಮ ನೇರಳೆಯಂತೆ ನಾಲಗೆಯನ್ನು ಹಿಡಿಯುತ್ತದೆ. ಅದು ಪಳಗಲು ಕಾಲ ಬೇಕು. ಆದುದರಿಂದ ಈ ಹಣ್ಣಿನಿಂದಾಗುವ ಬರೋಲೊ ಎಂಬ ವೈನು ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು ಎಂದು ಕಟ್ಟಳೆಯಿದೆ. ಬರೋಲೊ ಎಂಬುದು ಊರಿನ ಹೆಸರು. ಅದೂ ಸೇರಿದಂತೆ ಗೊತ್ತುಪಡಿಸಿದ 11 ಊರುಗಳ ಎಲ್ಲೆಯಾಚೆ ಅದೇ ಹಣ್ಣನ್ನು ಬೆಳೆದು, ಅದೇ ರೀತಿ ವೈನು ಮಾಡಿದರೂ ಆ ಹೆಸರನ್ನು ಬಳಸುವಂತಿಲ್ಲ.

ಹೊರಗುಳಿದ ಬಳ್ಳಿ

ಇಷ್ಟು ಬಿಗಿಯಾದ ನಿಯಮಗಳಿರುವ ಉತ್ತರ ಇಟಲಿಯಲ್ಲಿಯೇ ಹಲವು ಹಿತ್ತಿಲುಗಳಲ್ಲಿ ಇನ್ನೊಂದು ದ್ರಾಕ್ಷಿಯ ಚಪ್ಪರವಿರುತ್ತದೆ. ಅದರ ಪರಿಮಳ ಸ್ಟ್ರಾಬೆರಿಯನ್ನು ಹೋಲುವುದರಿಂದ ಜನ ಅದನ್ನು 'ಊವಾ ಫ್ರಾಗೊಲಾ', ಎಂದರೆ ಸ್ಟ್ರಾಬೆರಿ ದ್ರಾಕ್ಷಿ, ಎನ್ನುತ್ತಾರೆ. ತಳಿಯ ಹೆಸರು ಇಸಾಬೆಲ್ಲಾ. ಇದು ಅಮೆರಿಕದ ಕಾಡುದ್ರಾಕ್ಷಿಯೂ ಯೂರೋಪಿನ ದ್ರಾಕ್ಷಿಯೂ ಬೆರೆತು ಹುಟ್ಟಿದ ಮಿಶ್ರತಳಿ. 1816ರ ಸುಮಾರಿಗೆ ನ್ಯೂಯಾರ್ಕಿನ ಬಳಿಯ ಸಸಿ ಮಾರಾಟಗಾರ ವಿಲಿಯಂ ಪ್ರಿನ್ಸ್ ಇದನ್ನು ಬಳಕೆಗೆ ತಂದ. ಬಳ್ಳಿ ಕೊಟ್ಟ ಮನೆಯ ಒಡತಿ ಇಸಾಬೆಲ್ಲಾ ಗಿಬ್ಸ್‌ಳ ಹೆಸರು ಅದಕ್ಕೆ ಉಳಿಯಿತು.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹುಳು ಯೂರೋಪಿನ ತೋಟಗಳನ್ನು ಹಾಳುಗೆಡಹಿತು. ಅಮೆರಿಕದ ಬೇರಿನ ಮೇಲೆ ಯೂರೋಪಿನ ಕಡ್ಡಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು. ಆ ಸಂಕಟದ ದಿನಗಳಲ್ಲಿ ಬಡ ಬೇಸಾಯಗಾರರಿಗೆ ಆಸರೆಯಾದವುಗಳಲ್ಲಿ ಇಂಥ ಗಟ್ಟಿಮುಟ್ಟಾದ ಮಿಶ್ರತಳಿಗಳೂ ಸೇರಿದ್ದವು. ಆದರೆ ಕಷ್ಟ ಕಳೆದ ಮೇಲೆ ಅವುಗಳ ಮರ್ಯಾದೆಯೂ ಕಳೆಯಿತು. ಇವುಗಳ ವಾಸನೆ ಒರಟೆಂದೂ, ವೈನಿನಲ್ಲಿ ಮಿಥೈಲ್ ಆಲ್ಕೊಹಾಲಿನ ಅಂಶ ಹೆಚ್ಚೆಂದೂ ಆಕ್ಷೇಪಗಳು ಎದ್ದವು. ಇಂದು ಐರೋಪ್ಯ ಒಕ್ಕೂಟದ ಕಟ್ಟಳೆಯಂತೆ ಇಸಾಬೆಲ್ಲಾದ ರಸವನ್ನು ವೈನೆಂದು ಮಾರುವಂತಿಲ್ಲ. ಮನೆಯ ಬಳಕೆಗೆ ಮಾಡಿಕೊಳ್ಳುವವರು ಮಾತ್ರ ಅದನ್ನು ಬಿಟ್ಟಿಲ್ಲ.

ಬೆಂಗಳೂರಿನ ನೀಲಿ

ಅದೇ ಬಳ್ಳಿ ಕಡಲು ದಾಟಿ ನಮ್ಮ ನಾಡಿಗೆ ಬಂದು ಬೇರೆಯೇ ಬಾಳನ್ನು ಕಂಡಿತು. ಬೆಂಗಳೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ಬೆಳೆಯುವ 'ಬೆಂಗಳೂರು ನೀಲಿ' ದ್ರಾಕ್ಷಿಯನ್ನು ತಜ್ಞರು ಈ ಇಸಾಬೆಲ್ಲಾ ತಳಿಯೆಂದೇ ಎಣಿಸುತ್ತಾರೆ. ಗೃಹಿಣಿಯರಿಗೆ ಇದು ಬೀಜವುಳ್ಳ ಸಣ್ಣ ಕಪ್ಪು ದ್ರಾಕ್ಷಿ. ಇದರ ರಸ ತೆಗೆಯುವಾಗ ಅಡಿಗೆಮನೆಯನ್ನೆಲ್ಲ ತುಂಬುವ ಪರಿಮಳವೇ ಇಟಲಿಯವರು ಸ್ಟ್ರಾಬೆರಿಗೆ ಹೋಲಿಸಿದ ಪರಿಮಳ.

ಪೀಡ್‌ಮಾಂಟಿನ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಫಸಲು. ಬೆಂಗಳೂರಿನ ಹದವಾದ ಹವೆಯಲ್ಲಿ ಬಳ್ಳಿಗೆ ಆ ನಿದ್ರೆಯಿಲ್ಲ. ಎರಡು ಸಲ ಸವರಿದರೆ ವರ್ಷದಲ್ಲಿ ಎರಡು ಫಸಲು ಕೈಗೆ ಬರುತ್ತದೆ. ಹಣ್ಣು ತಿನ್ನಲೂ ಬಂತು, ಶರಬತ್ತಿಗೂ ಜಾಮಿಗೂ ಬಂತು, ಅಗ್ಗದ ಸಿಹಿ ವೈನಿಗೂ ಬಂತು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕಾನೂನು ಅಲ್ಲಿ ಹೊರಗಿಟ್ಟ ಬಳ್ಳಿಗೆ ಇಲ್ಲಿ ಕಾನೂನಿನದೇ ರಕ್ಷೆ!

ಆದರೂ ಬೆಳೆಗಾರನ ಚಿಂತೆ ಅಳಿದಿಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆ ಸ್ಥಾಪನೆಯಾಗಿ ಫ್ರಾನ್ಸಿನ ತಳಿಗಳಿಗೆ ದಾರಿ ತೆರೆಯಿತು; 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಸಾರಿತು. ಬೆಲೆಬಾಳುವ ಸೀಸೆಗಳಲ್ಲಿ ಕಾಬರ್ನೆ, ಶಿರಾಜ್ ಹೆಸರುಗಳು ಮೆರೆದವೇ ಹೊರತು ನೀಲಿಗೆ ಆ ಪೀಠ ದೊರೆಯಲಿಲ್ಲ. ತಿನ್ನುವವರ ನಾಲಗೆ ಬೀಜವಿಲ್ಲದ ದ್ರಾಕ್ಷಿಯತ್ತ ಹೊರಳಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ನೆಲಕ್ಕೆ ಹಣ್ಣಿಗಿಂತ ನಿವೇಶನದ ಬೆಲೆ ಬಂದಿದೆ. ಚಪ್ಪರ ಕಿತ್ತ ನೆಲ ಮತ್ತೆ ಚಪ್ಪರವಾಗುವುದು ದುರ್ಲಭ.

ಹೆಸರಿನ ರಕ್ಷಣೆ ಬೇರೆ, ಹಣ್ಣಿನ ರಕ್ಷಣೆ ಬೇರೆ. ಸೊರಗು ರೋಗಕ್ಕೆ ತುತ್ತಾದ ನಂಜನಗೂಡಿನ ರಸಬಾಳೆಗೂ ಇಂಥದೇ ಮನ್ನಣೆಯುಂಟು. ಅಂಗಡಿಯಲ್ಲಿ ನಿಜವಾದ ಹಣ್ಣು ಸಿಕ್ಕುವುದೇ ಅಪರೂಪ. ಇಟಲಿಯ ಹಿತ್ತಿಲುಗಳಲ್ಲಿ ಊವಾ ಫ್ರಾಗೊಲಾ ಉಳಿದದ್ದು ಯಾವ ಮನ್ನಣೆಯಿಂದಲೂ ಅಲ್ಲ, ಮನೆಮಂದಿಗೆ ಅದರ ರುಚಿ ಬೇಕಾಗಿದ್ದುದರಿಂದ. ಬೆಂಗಳೂರು ನೀಲಿಯ ಚಪ್ಪರ ನಿಲ್ಲಬೇಕಾದರೆ ಬೆಳೆದವನಿಗೆ ತಕ್ಕ ಬೆಲೆ ಸಿಕ್ಕಬೇಕು. ಸಂತೆಯಲ್ಲಿ ಆ ಕಪ್ಪು ಗೊಂಚಲನ್ನು ಕಂಡಾಗ, ಬೀಜವಿದ್ದರೂ ಇರಲಿ, ಒಂದು ಸೇರು ತೂಗಿಸಿಕೊಳ್ಳುವ ಕೈಗಳೂ ಬೇಕು.